ಅಲೆ, ಅನ್ನ, ಅಲೆದಾಟ: ಲಂಕೆಯ ದಕ್ಷಿಣ ತೀರದ ಬಗ್ಗೆ ಓದುಗರ ಪ್ರಶ್ನೆಗಳು

ಶ್ರೀಲಂಕಾದ ದಕ್ಷಿಣ ತುದಿಯ ಸರ್ಫಿಂಗ್ ಊರುಗಳ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಗಾಲೆಯಿಂದ ಪೂರ್ವಕ್ಕೆ ಹೊರಟರೆ ಅಹಂಗಮ, ಮಿಡಿಗಮ, ವೆಲಿಗಮ, ಮಿರಿಸ್ಸ, ಮಾತರ, ದಿಕ್‌ವೆಲ್ಲ ಒಂದರ ಹಿಂದೆ ಒಂದು ಸಿಗುತ್ತವೆ. ಒಟ್ಟು ದೂರ ಎಪ್ಪತ್ತು ಕಿಲೋಮೀಟರಿನೊಳಗೆ. ಅಲ್ಲಿ ದಿನದ ಲೆಕ್ಕ ಇಡುವುದು ಗಾಳಿ. ಯಾವಾಗ ನೀರಿಗಿಳಿಯಬೇಕು, ಯಾವಾಗ ಊಟಕ್ಕೆ ಹೋಗಬೇಕು ಎಂಬ ಎರಡೂ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ.

ನಮಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಆಗ ರೂಮುಗಳೂ ಅಗ್ಗ ಎಂದು ಕೇಳಿದ್ದೇನೆ. ಹೋಗಬಹುದೇ?
*ಶಾಲಾ ಶಿಕ್ಷಕಿ, ಶಿವಮೊಗ್ಗ*

ಅಗ್ಗವಾಗಿರುವುದಕ್ಕೆ ಕಾರಣ ಇದೆ. ಈ ತೀರದ ಒಳ್ಳೆಯ ಕಾಲ ನವೆಂಬರಿನಿಂದ ಏಪ್ರಿಲ್ ನಡುವಿನವರೆಗೆ. ಅಲೆ ಹುಟ್ಟುವುದು ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ, ಅದು ವರ್ಷವಿಡೀ ಬರುತ್ತಲೇ ಇರುತ್ತದೆ. ಆದರೆ ದಡ ಮುಟ್ಟುವಾಗ ಅದರ ಮುಖ ನುಣುಪಾಗಿರುತ್ತದೋ ಕದಡಿರುತ್ತದೋ ಎಂಬುದನ್ನು ಸ್ಥಳೀಯ ಗಾಳಿ ನಿರ್ಧರಿಸುತ್ತದೆ. ನಮ್ಮ ಚಳಿಗಾಲದಲ್ಲಿ ಅಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅಲೆಯ ಎದೆಗೆ ಎದುರಾಗಿ ನಿಂತು ಅದನ್ನು ನೆಟ್ಟಗೆ ಹಿಡಿದಿಡುತ್ತದೆ. ಮೇ ಬಂತೆಂದರೆ ನೈಋತ್ಯ ಮಾರುತ ಶುರು. ಗಾಳಿ ಕಡಲಿನಿಂದ ದಡಕ್ಕೆ ನುಗ್ಗಿ ಅಲೆಯ ನೆತ್ತಿಯನ್ನು ಹಿಂದಿನಿಂದ ತಳ್ಳುತ್ತದೆ. ಅಲೆ ದೊಡ್ಡದಿದ್ದರೂ ಆಕಾರ ಉಳಿಯುವುದಿಲ್ಲ, ಇಡೀ ಸಾಲು ಒಮ್ಮೆಲೇ ಕುಸಿಯುತ್ತದೆ. ಕಲಿಯುವವರಿಗೆ ಅದರಿಂದ ಪೆಟ್ಟೇ ಹೊರತು ಪ್ರಯೋಜನವಿಲ್ಲ. ಕೊಲ್ಲಿಯ ಆಸರೆ ಇರುವ ವೆಲಿಗಮದಲ್ಲಿ ಮಾತ್ರ ಕೆಲವು ಬೆಳಿಗ್ಗೆ ನೊರೆಯಲ್ಲಿ ಅಭ್ಯಾಸ ಮಾಡುವಷ್ಟು ಅವಕಾಶ ಸಿಗುತ್ತದೆ.

ಮೇ ತಿಂಗಳಲ್ಲೇ ಹೋಗುವುದಾದರೆ ದ್ವೀಪದ ಇನ್ನೊಂದು ಪಕ್ಕಕ್ಕೆ ಹೋಗಿ. ಪೂರ್ವ ತೀರದ ಅರುಗಮ್ ಬೇಯಲ್ಲಿ ಅದೇ ನೈಋತ್ಯ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಾಗಾಗಿ ಅಲ್ಲಿನ ಕಾಲ ಮೇಯಿಂದ ಸೆಪ್ಟೆಂಬರ್. ಕಲಿಯುವವರು ಬೇಬಿ ಪಾಯಿಂಟ್ ಮತ್ತು ವಿಸ್ಕಿ ಪಾಯಿಂಟ್‌ಗೆ, ಕಲಿತವರು ಮೇನ್ ಪಾಯಿಂಟ್‌ಗೆ ಹೋಗುತ್ತಾರೆ.

ಏಪ್ರಿಲ್‌ನಲ್ಲಿ ಇನ್ನೊಂದು ತೊಡಕಿದೆ. 13–14ರ ಸಿಂಹಳ-ತಮಿಳು ಹೊಸವರ್ಷಕ್ಕೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ತವರಿಗೆ ಹೋಗುತ್ತದೆ. ಸಣ್ಣ ಊಟದ ಅಂಗಡಿಗಳು ಕೆಲವು ದಿನ ತೆರೆಯುವುದಿಲ್ಲ, ಬಸ್ಸುಗಳೂ ಕಡಿಮೆ. ಒಂದೇ ತಿಂಗಳು ಆರಿಸಿ ಎಂದರೆ ಫೆಬ್ರವರಿ. ಕ್ರಿಸ್‌ಮಸ್ ಗದ್ದಲ ಮುಗಿದಿರುತ್ತದೆ, ಕಡಲು ಹದವಾಗಿರುತ್ತದೆ.

ವಯಸ್ಸು 42. ಈಜು ಬರುತ್ತದೆ, ಆದರೆ ಕೆರೆ-ಬಾವಿಯ ಈಜು. ಒಂದು ವಾರದಲ್ಲಿ ಬೋರ್ಡಿನ ಮೇಲೆ ನಿಲ್ಲಲು ಆದೀತೇ? ಎಲ್ಲಿಂದ ಶುರುಮಾಡಲಿ?
*ಬ್ಯಾಂಕ್ ಉದ್ಯೋಗಿ, ಹಾಸನ*

ಆಗುತ್ತದೆ. ನಿಲ್ಲದೆ 50 ಮೀಟರ್ ಈಜಬಲ್ಲಿರಿ, ನೀರು ಮುಖಕ್ಕೆ ಹೊಡೆದರೆ ಗಾಬರಿಯಾಗುವುದಿಲ್ಲ ಎಂದರೆ ಶುರುಮಾಡಲು ಸಾಕು. ಜಾಗ ವೆಲಿಗಮ. ತಳ ಮರಳು, ಇಳಿಜಾರು ಮೆಲ್ಲಗೆ, ಸೊಂಟದ ಆಳದಲ್ಲೇ ಕೆಲಸ ನಡೆಯುತ್ತದೆ. ನೀರು ಸುಮಾರು 28 ಡಿಗ್ರಿ, ಚಳಿಯ ಚಿಂತೆ ಇಲ್ಲ.

ಬೋರ್ಡ್ ಮೆತ್ತನೆಯ ಫೋಮಿನದೇ ಇರಲಿ. 65 ಕಿಲೋ ಒಳಗಿನವರಿಗೆ 8 ಅಡಿ, 75 ದಾಟಿದವರಿಗೆ 9 ಅಡಿ. ಅಂದವಾಗಿದೆಯೆಂದು 7 ಅಡಿಯ ಗಟ್ಟಿ ಬೋರ್ಡ್ ಹಿಡಿದವರು ವಾರವಿಡೀ ನೀರು ಕುಡಿಯುತ್ತಾರೆ. ಉದ್ದ ಮತ್ತು ದಪ್ಪ ಹೆಚ್ಚಿದ್ದಷ್ಟೂ ತೇಲುವ ಶಕ್ತಿ ಹೆಚ್ಚು, ಅಲೆ ಸುಲಭಕ್ಕೆ ಸಿಗುತ್ತದೆ.

ಮೊದಲು ಯಾವ ಕಾಲು ಮುಂದೆ ಎಂದು ಗೊತ್ತಾಗಬೇಕು. ನುಣುಪು ನೆಲದ ಮೇಲೆ ಕಾಲುಚೀಲ ಹಾಕಿ ಓಡಿಬಂದು ಜಾರುವಾಗ ತಾನಾಗಿಯೇ ಮುಂದೆ ಹೋಗುವ ಕಾಲೇ ಬೋರ್ಡಿನ ಮೇಲೂ ಮುಂದಿನದು. ಬೋರ್ಡಿಗೂ ನಿಮಗೂ ನಂಟು ಕಟ್ಟುವ ಹಗ್ಗ, ಅಂದರೆ ಲೀಶ್, ಹಿಂದಿನ ಕಾಲಿನ ಹರಡಿಗೆ. ಹಗ್ಗ ಕಾಲಿನ ಹೊರಮಗ್ಗುಲಿಗೆ, ಹಿಂದಕ್ಕೆ ತಿರುಗಿರಬೇಕು. ಒಳಮಗ್ಗುಲಿಗಿದ್ದರೆ ಏಳುವಾಗ ಅದರ ಮೇಲೆಯೇ ಕಾಲಿಡುತ್ತೀರಿ.

ಇನ್ನು ಏಳುವ ಕ್ರಮ. ಮರಳಿನಲ್ಲಿ ಬೋರ್ಡಿನ ಆಕಾರ ಗೀಚಿಕೊಂಡು ಇಪ್ಪತ್ತು ಸಲ ಮಾಡಿದ ಮೇಲೆಯೇ ನೀರಿಗೆ. ಬೋರ್ಡಿನ ಮೇಲೆ ಕವುಚಿ ಮಲಗಿದಾಗ ಅದರ ಮೂತಿ, ಅಂದರೆ ಮುಂತುದಿ, ನೀರಿನಿಂದ ಎರಡು ಮೂರು ಬೆರಳು ಮೇಲಿರಬೇಕು. ಅದಕ್ಕಿಂತ ಮುಂದೆ ಜಾರಿದ್ದರೆ ಅಲೆ ಎತ್ತಿದೊಡನೆ ಮೂತಿ ನೀರಿಗೆ ಹೂತು ಪಲ್ಟಿ. ಹಿಂದೆ ಸರಿದಿದ್ದರೆ ಬಾಲ ಮುಳುಗಿ ಬ್ರೇಕ್ ಹಾಕಿದಂತಾಗುತ್ತದೆ, ಅಲೆ ನಿಮ್ಮನ್ನು ಬಿಟ್ಟು ಹೋಗುತ್ತದೆ. ಅಲೆ ಐದಾರು ಮೀಟರ್ ಹಿಂದಿರುವಾಗ ಕೈ ಬೀಸಲು ಶುರುಮಾಡಿ. ಬಾಲ ಮೇಲೆದ್ದದ್ದು ಹೊಟ್ಟೆಗೆ ಗೊತ್ತಾದ ಮೇಲೂ ಎರಡು ಬೀಸು ಹೆಚ್ಚಿಗೆ ಹಾಕಬೇಕು. ಬಹುತೇಕರು ಎಡವುವುದು ಇಲ್ಲೇ, ಅಲೆ ಸಿಕ್ಕಿತೆಂದು ಒಂದು ಬೀಸು ಮುಂಚೆ ನಿಲ್ಲಿಸಿಬಿಡುತ್ತಾರೆ. ಆಮೇಲೆ ಅಂಗೈ ಎರಡನ್ನೂ ಪಕ್ಕೆಲುಬಿನ ಪಕ್ಕ ಬೋರ್ಡಿನ ಮೇಲೆ ಚಪ್ಪಟೆಯಾಗಿ ಊರಿ ಎದೆ ಎತ್ತಿ. ಅಂಚು ಹಿಡಿಯಬೇಡಿ, ಹಿಡಿದರೆ ಬೋರ್ಡ್ ಆ ಕಡೆಗೆ ಹೊರಳುತ್ತದೆ. ಹಿಂದಿನ ಕಾಲು ಊರಿ, ಮುಂದಿನ ಕಾಲನ್ನು ಎರಡು ಕೈಗಳ ನಡುವಿಗೆ ತನ್ನಿ. ಮಂಡಿ ಬಗ್ಗಿಸಿ, ಸೊಂಟ ಬಗ್ಗಿಸಬೇಡಿ. ಕಣ್ಣು ದಡದ ತೆಂಗಿನ ಮರದ ಮೇಲಿರಲಿ. ಪಾದ ನೋಡಿಕೊಂಡವರು ಪಾದದ ಕಡೆಗೇ ಬೀಳುತ್ತಾರೆ.

ಮಂಡಿಯೂರಿ ಆಮೇಲೆ ನಿಲ್ಲುವ ಅಭ್ಯಾಸ ಬೇಡ. ಒಮ್ಮೆ ಮೈಗೆ ಹತ್ತಿದರೆ ಬಿಡಿಸುವುದು ಕಷ್ಟ.

ಬೀಳುವುದಕ್ಕೂ ಕ್ರಮವಿದೆ. ಪಕ್ಕಕ್ಕೋ ಹಿಂದಕ್ಕೋ ಅಗಲವಾಗಿ ಬೀಳಿ, ತಲೆ ಮುಂದಾಗಿ ಹಾರಬೇಡಿ. ನೀರಿನಿಂದ ಏಳುವಾಗ ತಲೆಗಿಂತ ಮೊದಲು ಕೈ ಮೇಲೆ ಬರಲಿ, ಬೋರ್ಡ್ ತಲೆಯ ಮೇಲೇ ಇರಬಹುದು. ನಡೆದು ಒಳಗೆ ಹೋಗುವಾಗ ಬೋರ್ಡ್ ಯಾವತ್ತೂ ನಿಮ್ಮ ಪಕ್ಕದಲ್ಲಿರಬೇಕು, ನಿಮಗೂ ಅಲೆಗೂ ನಡುವೆ ಅಲ್ಲ. ವೆಲಿಗಮದಲ್ಲಿ ಹಲ್ಲು, ಮೂಗು ಮುರಿಯುವುದು ದೊಡ್ಡ ಅಲೆಯಿಂದಲ್ಲ, ಎದೆಗೆ ಅಡ್ಡ ಹಿಡಿದ ಸ್ವಂತ ಬೋರ್ಡಿನಿಂದ.

ಸಮಯ: ಸೂರ್ಯ ಹುಟ್ಟುವ ಆರೂ ಕಾಲರಿಂದ ಒಂಬತ್ತೂವರೆ, ಹತ್ತರವರೆಗೆ. ಆಮೇಲೆ ನೆಲ ಕಾದು ಕಡಲಗಾಳಿ ಎದ್ದು ನೀರು ಕದಡುತ್ತದೆ. ಒಂದೂವರೆ ಗಂಟೆಯ ಪಾಠ ದಿನಕ್ಕೊಂದು ಸಾಕು. ಮೂರನೇ ದಿನ ಭುಜ ಎತ್ತಲಾಗದೆ ಹೋಗುತ್ತದೆ, ಅಂದು ಬಿಡುವು ಕೊಡಿ. ಗುರು ಆರಿಸುವಾಗ ಅಂತರರಾಷ್ಟ್ರೀಯ ಸರ್ಫಿಂಗ್ ಸಂಸ್ಥೆಯ ಪ್ರಮಾಣಪತ್ರ ಕೇಳಿ. ಒಬ್ಬ ಗುರುವಿಗೆ ಇಬ್ಬರು, ಹೆಚ್ಚೆಂದರೆ ಮೂವರು ಶಿಷ್ಯರಿರಲಿ. ಆರೇಳು ಜನರ ಗುಂಪಿನಲ್ಲಿ ನಿಮ್ಮ ಸರದಿ ಕಾಯುವುದರಲ್ಲೇ ಗಾಳಿ ಬಂದುಬಿಡುತ್ತದೆ.

ಮೈಗೆ ತುಂಬುತೋಳಿನ ಈಜಂಗಿ, ಅಂದರೆ ರ‍್ಯಾಶ್ ಗಾರ್ಡ್ ಬೇಕೇ ಬೇಕು. ಬಿಸಿಲಿಗೆ ಎಷ್ಟು ಬೇಕೋ ಅಷ್ಟೇ ಫೋಮಿನ ಉಜ್ಜಾಟಕ್ಕೂ ಬೇಕು. ಬರಿಮೈಯಲ್ಲಿ ಮಲಗಿದವರ ಹೊಟ್ಟೆ ಎರಡನೇ ದಿನಕ್ಕೆ ಸುಲಿದಿರುತ್ತದೆ.

ಬಾಡಿಗೆ ಬೋರ್ಡ್ ವಾಪಸು ಕೊಡುವಾಗ "ಒಡೆದಿದ್ದೀರಿ" ಎಂದು ದುಡ್ಡು ಕೇಳುತ್ತಾರಂತೆ. ತಪ್ಪಿಸಿಕೊಳ್ಳುವುದು ಹೇಗೆ?
*ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ*

ತೆಗೆದುಕೊಳ್ಳುವಾಗಲೇ ಅಂಗಡಿಯವನ ಎದುರು ಫೋನಿನಲ್ಲಿ ವಿಡಿಯೊ ಮಾಡಿ: ಮೇಲ್ಮೈ, ಕೆಳಮೈ, ಎರಡು ಅಂಚು, ಮೂತಿ, ಬಾಲ, ಅಡಿಯ ರೆಕ್ಕೆಗಳು (ಫಿನ್). ಅರ್ಧ ನಿಮಿಷದ ಕೆಲಸ. ಎದುರಿಗೇ ಮಾಡಿದರೆ ಸಾಮಾನ್ಯವಾಗಿ ಜಗಳ ಬರುವುದಿಲ್ಲ.

ಪರೀಕ್ಷೆ ಮಾಡಬೇಕಾದದ್ದು ಇಷ್ಟು. ರೆಕ್ಕೆ ಹಿಡಿದು ಅಲ್ಲಾಡಿಸಿ, ಸಡಿಲವಿದ್ದರೆ ಸ್ಕ್ರೂ ಬಿಗಿಸಲು ಹೇಳಿ. ಲೀಶಿನ ವೆಲ್ಕ್ರೋ ಎರಡು ಸಲ ಎಳೆದು ನೋಡಿ, ಮರಳು ತುಂಬಿ ಸವೆದ ವೆಲ್ಕ್ರೋ ಮೊದಲ ಒಳ್ಳೆಯ ಅಲೆಗೇ ಬಿಚ್ಚಿಕೊಳ್ಳುತ್ತದೆ. ಲೀಶನ್ನು ಬೋರ್ಡಿಗೆ ಕಟ್ಟಿರುವ ಸಣ್ಣ ದಾರ ನುಲಿದು ತೆಳ್ಳಗಾಗಿದೆಯೇ ನೋಡಿ. ಗಟ್ಟಿ ಬೋರ್ಡಾದರೆ ಬಿರುಕಿನ ಸುತ್ತ ಹಳದಿ ಬಣ್ಣ ಇದೆಯೇ ಎಂದು ಹುಡುಕಿ. ಹಳದಿ ಎಂದರೆ ಒಳಗೆ ನೀರು ಹೋಗಿದೆ, ಅಂಥ ಬೋರ್ಡ್ ಅದೇ ಅಳತೆಯ ಇನ್ನೊಂದಕ್ಕಿಂತ ಭಾರವಾಗಿರುತ್ತದೆ. ಫೋಮ್ ಬೋರ್ಡನ್ನು ಅಂಗೈಯಿಂದ ಒತ್ತುತ್ತಾ ಹೋಗಿ. ಗುಳ್ಳೆ ಎದ್ದು ಪುಸುಕ್ ಎಂದರೆ ಪದರ ಬಿಟ್ಟಿದೆ, ಬೇರೆ ಕೇಳಿ.

ಒಡೆಯುವುದು ಹೆಚ್ಚಾಗಿ ನೀರಿನಲ್ಲಲ್ಲ, ದಡದಲ್ಲಿ. ಮಧ್ಯಾಹ್ನದ ಬಿಸಿಲಿಗೆ ಬೋರ್ಡ್ ಬಿಟ್ಟು ಊಟಕ್ಕೆ ಹೋದರೆ ಒಳಗಿನ ಗಾಳಿ ಹಿಗ್ಗಿ ಪದರ ಏಳುತ್ತದೆ, ಕಾಲು ಜಾರದಂತೆ ಮೇಲ್ಮೈಗೆ ಬಳಿದ ಮೇಣವೂ ಕರಗಿ ಇಳಿಯುತ್ತದೆ. ನೆರಳಿನಲ್ಲಿ, ಮೇಣದ ಮೈ ಕೆಳಗಾಗಿ ಇಡಿ. ಮೇಣ ಕೊಳ್ಳುವುದಾದರೆ ಉಷ್ಣವಲಯದ ಗಟ್ಟಿ ಮೇಣವೇ ಆಗಬೇಕು. ತಣ್ಣೀರಿನದು ಇಲ್ಲಿ ಬೆಣ್ಣೆಯಾಗುತ್ತದೆ.

ನೊರೆಯಲ್ಲಿ ನಿಲ್ಲುವುದು, ಸ್ವಲ್ಪ ತಿರುಗಿಸುವುದು ಬರುತ್ತದೆ. ವೆಲಿಗಮದ ನಂತರ ಎಲ್ಲಿಗೆ? ಬಂಡೆಯ ತಳ ಎಂದರೆ ಭಯ.
*ಓದುಗರೊಬ್ಬರು, ಮೈಸೂರು*

ಭಯ ಇರಲಿ, ಒಳ್ಳೆಯದೇ. ಮುಂದಿನ ಮೆಟ್ಟಿಲು ದಿಕ್‌ವೆಲ್ಲ ಹತ್ತಿರದ ಹಿರಿಕೇಟಿಯ. ಕುದುರೆಲಾಳದ ಆಕಾರದ ಪುಟ್ಟ ಕೊಲ್ಲಿ, ನಡುವೆ ಮರಳು, ಎಡ ಅಂಚಿನಲ್ಲಿ ಬಂಡೆ. ಕಷ್ಟವೆಂದರೆ ಜಾಗ ಚಿಕ್ಕದು, ಒಂಬತ್ತು ಗಂಟೆಗೆ ಜನ ತುಂಬಿರುತ್ತಾರೆ. ಅದರ ನಂತರ ಮಿಡಿಗಮದ ಲೇಜಿ ಲೆಫ್ಟ್. ಹೆಸರಿಗೆ ತಕ್ಕಂತೆ ಸೋಮಾರಿ ಅಲೆ, ಎಡಕ್ಕೆ ನಿಧಾನವಾಗಿ ಒಡೆಯುತ್ತದೆ. ಪಕ್ಕದಲ್ಲೇ ಇರುವ ರಾಮ್ಸ್ ರೈಟ್ ಕಡೆಗೆ ಸದ್ಯಕ್ಕೆ ತಲೆ ಹಾಕಬೇಡಿ. ಅಲ್ಲಿ ಅಲೆ ಒಳಗೆ ಟೊಳ್ಳಾಗಿ ಸುರುಳಿ ಸುತ್ತಿ ಒಡೆಯುತ್ತದೆ, ಕೆಳಗೆ ಬಂಡೆ ಬಹಳ ಹತ್ತಿರ.

ಈ ತೀರದಲ್ಲಿ ಭರತ-ಇಳಿತದ ವ್ಯತ್ಯಾಸ ಅರ್ಧ ಮೀಟರಿನ ಆಸುಪಾಸು ಅಷ್ಟೇ. ಮರಳಿನ ಮೇಲೆ ಅದು ಲೆಕ್ಕಕ್ಕಿಲ್ಲ. ಬಂಡೆಯ ಮೇಲೆ ಮಂಡಿಯಾಳಕ್ಕೂ ಸೊಂಟದಾಳಕ್ಕೂ ಇರುವ ವ್ಯತ್ಯಾಸ ಅದೇ. ಆದ್ದರಿಂದ ಬಂಡೆಯ ಜಾಗಗಳಿಗೆ ಮೊದಮೊದಲು ಭರತದ ಹೊತ್ತಿಗೇ ಹೋಗಿ. ಒಳಗೆ ಹೋಗುವ ದಾರಿಯನ್ನು ಐದು ನಿಮಿಷ ದಡದಲ್ಲಿ ನಿಂತು, ಬೇರೆಯವರು ಎಲ್ಲಿ ಇಳಿಯುತ್ತಾರೆಂದು ನೋಡಿಕೊಳ್ಳಿ. ಬಿದ್ದಾಗ ಕಾಲು ಊರಲು ಹೋಗಬೇಡಿ, ಎಲೆಯಂತೆ ಅಗಲವಾಗಿ ತೇಲಿ.

ಸರದಿಯ ನಿಯಮ ಒಂದೇ: ಅಲೆ ಒಡೆಯುತ್ತಿರುವ ತುದಿಗೆ ಯಾರು ಹತ್ತಿರವೋ ಅಲೆ ಅವರದು. ಅವರ ಮುಂದೆ ನುಗ್ಗಿದರೆ ಬೈಗುಳ ಖಚಿತ, ಡಿಕ್ಕಿಯೂ ಆಗಬಹುದು.

ಸೆಳೆತಕ್ಕೆ ಸಿಕ್ಕಿದರೆ ಅದರ ಎದುರು ದಡದ ಕಡೆ ಈಜಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸಾಗಿ ನೊರೆ ಕಾಣುವ ಕಡೆಗೆ ಬನ್ನಿ. ಬೋರ್ಡ್ ಬಿಡಬೇಡಿ, ಅದೇ ನಿಮ್ಮ ದೋಣಿ. ನೊರೆಯಿಲ್ಲದೆ ಶಾಂತವಾಗಿ, ಸ್ವಲ್ಪ ಕಂದಾಗಿ ಕಾಣುವ ಓಣಿಯೇ ಸೆಳೆತದ ದಾರಿ. ಈಜುವವರು ಮೋಸಹೋಗುವುದು ಆ ಶಾಂತತೆಗೇ.

ಹವಳದ ಗೀರು ಸಣ್ಣದೆಂದು ಬಿಡಬಾರದು. ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಸೋಪು ಹಾಕಿ ಮೃದು ಬ್ರಷ್‌ನಿಂದ ಪುಡಿ ತೆಗೆಯಿರಿ. ಉರಿಯುತ್ತದೆ, ಆದರೂ ತೆಗೆಯಲೇಬೇಕು. ಒಳಗುಳಿದ ಹವಳದ ಚೂರೇ ಕೀವಾಗಲು ಕಾರಣ. ಆಮೇಲೆ ಅಯೋಡಿನ್ ಮುಲಾಮು. ಸುತ್ತ ಕೆಂಪಗಾಗಿ ಹಬ್ಬುತ್ತಿದ್ದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ. ಮುಳ್ಳುಚೆಂಡು ಎಂದು ಕೆಲವರು ಕರೆಯುವ ಕಡಲ ಪ್ರಾಣಿಯ (ಸೀ ಅರ್ಚಿನ್) ಮುಳ್ಳು ಚುಚ್ಚಿದರೆ, ಚರ್ಮ ಸುಡದಷ್ಟು ಬಿಸಿನೀರಿನಲ್ಲಿ ಪಾದ ಅದ್ದಿಡಿ, ನೋವು ಇಳಿಯುತ್ತದೆ. ಆಂಬ್ಯುಲೆನ್ಸ್‌ಗೆ 1990, ಇದು ದೇಶದಾದ್ಯಂತ ಉಚಿತ ಸೇವೆ.

ಮನೆಮಂದಿಯೆಲ್ಲ ಸಸ್ಯಾಹಾರಿಗಳು. ಅಲ್ಲಿ ಬ್ರೆಡ್ಡು ಬಾಳೆಹಣ್ಣಿನಲ್ಲೇ ದಿನ ದೂಡಬೇಕೇ?
*ಗೃಹಿಣಿ, ಧಾರವಾಡ*

ಬೇಡವೇ ಬೇಡ. ನಿಜ ಹೇಳಬೇಕೆಂದರೆ ಕಡಲತೀರದ ಕೆಫೆಗಳಿಗಿಂತ ರಸ್ತೆಬದಿಯ ಸಣ್ಣ ಅಂಗಡಿಗಳಲ್ಲೇ ನಿಮಗೆ ಒಳ್ಳೆಯ ಊಟ. ಅಲ್ಲಿಯೂ "ಹೋಟೆಲ್" ಎಂಬ ಬೋರ್ಡಿಗೆ ನಮ್ಮಲ್ಲಿರುವ ಅರ್ಥವೇ: ಮಲಗುವ ಜಾಗವಲ್ಲ, ಊಟದ ಜಾಗ. ಅನ್ನದಂಗಡಿಗೆ ಬತ್ ಕಡೆ ಎನ್ನುತ್ತಾರೆ.

ಮಧ್ಯಾಹ್ನದ ಊಟಕ್ಕೆ ಹೆಸರು ರೈಸ್ ಅಂಡ್ ಕರಿ. ಅನ್ನದ ಸುತ್ತ ನಾಲ್ಕೈದು ಪಲ್ಯಗಳು. ಪರಿಪ್ಪು ಎಂದರೆ ತೆಂಗಿನ ಹಾಲಿನಲ್ಲಿ ಬೆಂದ ಚನ್ನಂಗಿ ಬೇಳೆ. ಪೊಲೊಸ್ ಎಂದರೆ ಎಳೆ ಹಲಸು, ಕರಾವಳಿಯವರ ಗುಜ್ಜೆ. ಗೊಟುಕೊಲ ಎಂದರೆ ನಮ್ಮ ಒಂದೆಲಗ, ಸಣ್ಣಗೆ ಹೆಚ್ಚಿ ತೆಂಗಿನತುರಿ, ಈರುಳ್ಳಿ, ನಿಂಬೆರಸ ಸೇರಿಸಿರುತ್ತಾರೆ. ವಂಬಟು ಮೋಜು ಎಂದರೆ ಕರಿದ ಬದನೆಯ ಹುಳಿ-ಸಿಹಿ ಗೊಜ್ಜು. ಬೀಟ್ರೂಟ್, ಜೀಗುಜ್ಜೆ, ಹಾಗಲ ಎಲ್ಲವೂ ದಿನಕ್ಕೊಂದರಂತೆ ಬರುತ್ತವೆ. ಹನ್ನೆರಡರಿಂದ ಒಂದೂವರೆಯೊಳಗೆ ಹೋಗಿ. ಬೆಳಿಗ್ಗೆ ಮಾಡಿಟ್ಟದ್ದು, ಎರಡು ಗಂಟೆಗೆ ತಳ ಕಾಣುತ್ತದೆ. ಗಾಳಿ ಎದ್ದು ಕಡಲು ಕೆಟ್ಟಿರುವ ಹೊತ್ತೂ ಅದೇ, ಹಾಗಾಗಿ ನಷ್ಟವೇನೂ ಇಲ್ಲ.

ಎಚ್ಚರ ಬೇಕಾದದ್ದು ಒಂದೇ ವಸ್ತುವಿಗೆ: ಉಂಬಲಕಡ. ಬೇಯಿಸಿ, ಹೊಗೆಹಾಕಿ, ಮರದಂತೆ ಒಣಗಿಸಿದ ಸೂರೆ ಮೀನಿನ ಪುಡಿ. ಮೀನಿನ ತುಂಡು ಕಣ್ಣಿಗೆ ಕಾಣುವುದಿಲ್ಲ, ಕಂದು ಚೂರು ಮಾತ್ರ. ತೆಂಗಿನತುರಿಯ ಪೊಲ್ ಸಂಬೊಲ್, ಈರುಳ್ಳಿ-ಮೆಣಸಿನ ಲುನು ಮಿರಿಸ್, ಸಿಹಿ ಈರುಳ್ಳಿಯ ಸೀನಿ ಸಂಬೊಲ್ ಮೂರರಲ್ಲೂ ಸಾಮಾನ್ಯವಾಗಿ ಇರುತ್ತದೆ. ಕೆಲವೊಮ್ಮೆ ಬೇಳೆಯಲ್ಲಿ, ಒತ್ತು ಶಾವಿಗೆಗೆ ಕೊಡುವ ಹಳದಿ ತೆಂಗಿನ ಹಾಲಿನ ಸಾರಿನಲ್ಲೂ. "ವೆಜಿಟೇರಿಯನ್" ಎಂದು ಕೇಳಿದರೆ ಹೌದೆಂದೇ ಹೇಳುತ್ತಾರೆ. ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಅದು ಮೀನಲ್ಲ, ಮಸಾಲೆ. ಆದ್ದರಿಂದ ಹೆಸರು ಹಿಡಿದೇ ಹೇಳಿ: "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ." ಮಾಂಸ ಬೇಡ, ಮೀನು ಬೇಡ, ಉಂಬಲಕಡ ಬೇಡ. ಸಂಬೊಲ್ ತಾಜಾ ಕಲಸುವ ಅಂಗಡಿಯಾದರೆ ಅದಿಲ್ಲದೆ ಮಾಡಿಕೊಡುತ್ತಾರೆ.

ಬೆಳಗಿನ ತಿಂಡಿಗೆ ಒತ್ತು ಶಾವಿಗೆ, ಅಲ್ಲಿನ ಹೆಸರು ಇಂದಿಆಪ್ಪ. ಪಿಟ್ಟು, ತೆಂಗಿನತುರಿ ಹಾಕಿದ ದಪ್ಪ ಪೊಲ್ ರೊಟ್ಟಿ ಸಿಗುತ್ತವೆ. ಅಂಚು ಗರಿಗರಿ, ನಡು ಮೆತ್ತಗಿರುವ ಆಪ್ಪ ಮಾತ್ರ ಹೆಚ್ಚಾಗಿ ಸಂಜೆಯದು. ಕೊತ್ತು ರೊಟ್ಟಿಯೂ ಸಂಜೆಯದೇ. ತೆಳು ರೊಟ್ಟಿಯನ್ನು ಕಾವಲಿಯ ಮೇಲೆ ಎರಡು ಕಬ್ಬಿಣದ ಹಲಗೆಗಳಿಂದ ಕೊಚ್ಚುವ ಟಕಟಕ ತಾಳ ಅರ್ಧ ಬೀದಿಗೆ ಕೇಳುತ್ತದೆ. ತರಕಾರಿ ಕೊತ್ತು ಕೇಳಿದರೂ ಮೊಟ್ಟೆ ಹಾಕಿಬಿಡುವುದುಂಟು, "ಬಿತ್ತರ ಎಪಾ" ಎನ್ನಿ. ಕಾವಲಿ ಕೋಳಿಗೂ ಅದೇ, ತರಕಾರಿಗೂ ಅದೇ. ಅದು ಆಗದವರು ಕೊತ್ತು ಬಿಟ್ಟುಬಿಡುವುದು ಲೇಸು.

ಚಹಾದಂಗಡಿಯಲ್ಲಿ ಕೇಳದೆಯೇ ಒಂದು ತಟ್ಟೆ ತುಂಬ ಕರಿದ ತಿಂಡಿ ತಂದಿಟ್ಟರೆ ಗಾಬರಿ ಬೇಡ. ತಿಂದಷ್ಟಕ್ಕೇ ಲೆಕ್ಕ, ಉಳಿದದ್ದು ವಾಪಸು. ತ್ರಿಕೋನ, ಸುರುಳಿ ಎಲ್ಲದರೊಳಗೂ ಮೀನಿರಬಹುದು. ಬೇಳೆ ವಡೆ ಒಂದೇ ಸುರಕ್ಷಿತ, ಅದರ ಮೇಲೂ ಸಿಗಡಿ ಕೂತಿಲ್ಲವೆಂದು ನೋಡಿ.

ಕೊನೆಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಮೇಲೆ ಕಿತುಲ್ ಪಾಕ. ಕಿತುಲ್ ಎಂದರೆ ನಮ್ಮ ಬೈನೆ ಮರ, ಅದರ ನೀರಾ ಕುದಿಸಿ ಇಳಿಸಿದ ಕಂದು ಪಾಕ. ಬಾಟಲಿ ಕೊಳ್ಳುವಾಗ ಸಕ್ಕರೆ ಪಾಕ ಬೆರೆಸಿದ್ದು ಸಿಗುವುದೇ ಹೆಚ್ಚು. ಅಸಲಿಯಲ್ಲಿ ಸ್ವಲ್ಪ ಹೊಗೆಯ ವಾಸನೆ ಇರುತ್ತದೆ, ಬರೀ ಸಿಹಿಯಲ್ಲ.

ಮಿರಿಸ್ಸದಲ್ಲಿ ಸಂಜೆ ದಡದ ಮೇಲೆ ಮೀನು ಜೋಡಿಸಿಟ್ಟು ಕರೆಯುತ್ತಾರಲ್ಲ, ಅದು ತಿನ್ನಬಹುದೇ?
*ಮೀನುಪ್ರಿಯ, ಕುಂದಾಪುರ*

ಕುಂದಾಪುರದವರಿಗೆ ಮೀನು ನೋಡುವುದು ಹೇಗೆಂದು ಹೇಳಿಕೊಡುವ ಧೈರ್ಯ ನಮಗಿಲ್ಲ. ಕಣ್ಣು ಉಬ್ಬಿರಬೇಕು, ಕಿವಿರು ಕೆಂಪಿರಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಮೋಸ ಹೋಗುವುದು ಲೆಕ್ಕದಲ್ಲಿ. ಹೇಳುವ ದರ 100 ಗ್ರಾಮಿಗೋ ಕಿಲೋಗೋ? ತೂಕ ಶುಚಿ ಮಾಡುವ ಮೊದಲಿನದೋ ನಂತರದ್ದೋ? ಸುಡುವ ಕೂಲಿ, ಅನ್ನ ಅಥವಾ ಆಲೂ, ಸಲಾಡ್ ಸೇರಿದೆಯೋ? 10% ಸೇವಾ ಶುಲ್ಕ ಪ್ರತ್ಯೇಕವೋ? ತಕ್ಕಡಿ ನಿಮ್ಮೆದುರಿಗೇ ಇಡಿಸಿ, ಒಟ್ಟು ಮೊತ್ತ ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ಕುರ್ಚಿಗೆ.

ಸೂರೆ ಜಾತಿಯ ಮೀನು ಮಂಜುಗಡ್ಡೆಯಿಲ್ಲದೆ ಹೊರಗಿದ್ದರೆ ಬೇಡ. ಅದರಲ್ಲಿ ಹಿಸ್ಟಮಿನ್ ಬೆಳೆಯುತ್ತದೆ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ ತಲೆನೋವು ಬರುವುದು ಇದರಿಂದಲೇ.

ಈ ತೀರದ ಸ್ವಂತ ಅಡುಗೆ ಸುಟ್ಟ ಮೀನಲ್ಲ, ಅಂಬುಲ್ ತಿಯಲ್. ಮನೆಯಲ್ಲೂ ಮಾಡಬಹುದು. ಅರ್ಧ ಕಿಲೋ ಸೂರೆ ಮೀನನ್ನು ದೊಡ್ಡ ಚೌಕಗಳಾಗಿ ಹೆಚ್ಚಿ. ಐದಾರು ಎಸಳು ಗೋರಕ ಬಿಸಿನೀರಿನಲ್ಲಿ ನೆನೆಸಿ ಅರೆಯಿರಿ. ಗೋರಕ ಎಂದರೆ ಮಲೆನಾಡಿನ ಉಪ್ಪಾಗೆ. ಒಂದು ದೊಡ್ಡ ಚಮಚ ಕಾಳುಮೆಣಸಿನ ಪುಡಿ, ಉಪ್ಪು, ಬೆಳ್ಳುಳ್ಳಿ, ಕರಿಬೇವು ಸೇರಿಸಿ ಮೀನಿಗೆ ಹಚ್ಚಿ, ಮಣ್ಣಿನ ಮಡಕೆಯಲ್ಲಿ ಒಂದೇ ಪದರವಾಗಿ ಜೋಡಿಸಿ. ಅರ್ಧ ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ನೀರು ಪೂರ್ತಿ ಇಂಗುವವರೆಗೆ ಬಿಡಿ. ಸೌಟು ಹಾಕಬಾರದು, ಮಡಕೆಯನ್ನೇ ಅಲ್ಲಾಡಿಸಬೇಕು. ಸೌಟು ಹಾಕಿದರೆ ಚೌಕ ಪುಡಿಯಾಗಿ ಚಟ್ನಿಯಾಗುತ್ತದೆ. ಹುಳಿ ಮತ್ತು ಒಣಗಿದ ಮೈಯಿಂದಾಗಿ ಫ್ರಿಜ್ ಬರುವ ಮೊದಲು ಇದನ್ನು ದಿನಗಟ್ಟಲೆ ಇಡುತ್ತಿದ್ದರು.

ಮಗನಿಗೆ ಸರ್ಫಿಂಗ್ ಹುಚ್ಚು. ನಾವಿಬ್ಬರು ಹಿರಿಯರು ಅಷ್ಟು ದಿನ ಏನು ಮಾಡೋಣ?
*ನಿವೃತ್ತ ದಂಪತಿ, ತುಮಕೂರು*

ಮಗನಿಗಿಂತ ನಿಮಗೇ ಕೆಲಸ ಹೆಚ್ಚು. ಒಂದು ಸಂಜೆ ಗಾಲೆ ಕೋಟೆಗೆ. ಪೋರ್ಚುಗೀಸರು ಶುರುಮಾಡಿ ಡಚ್ಚರು ಬಲಪಡಿಸಿದ ಕೋಟೆ, 1988ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ನಾಲ್ಕೂವರೆಗೆ ಗೋಡೆ ಹತ್ತಿದರೆ ಬಿಸಿಲು ಇಳಿದಿರುತ್ತದೆ, ಸುತ್ತು ಹಾಕಿ ಮುಗಿಸುವಷ್ಟರಲ್ಲಿ ಸೂರ್ಯಾಸ್ತ. ಗೋಡೆಗೆ ಹಲವೆಡೆ ತಡೆಗಂಬಿ ಇಲ್ಲ, ಅಂಚಿಗೆ ಹೋಗಬೇಡಿ. ಒಳಗಿನ ಡಚ್ ಚರ್ಚ್ 1755ರದು, ನೆಲದಲ್ಲೇ ಸಮಾಧಿ ಕಲ್ಲುಗಳಿವೆ.

ಕೊಗ್ಗಲದಲ್ಲಿ ಲೇಖಕ ಮಾರ್ಟಿನ್ ವಿಕ್ರಮಸಿಂಘೆಯವರ ಹುಟ್ಟಿದ ಮನೆ ಮತ್ತು ಜಾನಪದ ವಸ್ತುಸಂಗ್ರಹಾಲಯವಿದೆ. ಒಕ್ಕಲುತನ, ಮೀನುಗಾರಿಕೆಯ ಪರಿಕರ ನೋಡುತ್ತ ನೆರಳಿನಲ್ಲಿ ಎರಡು ಗಂಟೆ ಸುಖವಾಗಿ ಕಳೆಯುತ್ತದೆ. ಅದೇ ರಸ್ತೆಯಲ್ಲಿ ನೀರಿನಲ್ಲಿ ಕೋಲು ನೆಟ್ಟು ಅದರ ಮೇಲೆ ಕೂತ ಮೀನುಗಾರರು ಕಾಣುತ್ತಾರೆ. ಈಗ ಹಗಲಿನಲ್ಲಿ ಕೂರುವವರಲ್ಲಿ ಹೆಚ್ಚಿನವರು ಫೋಟೊಕ್ಕಾಗಿ ಕೂತವರು, ದುಡ್ಡು ಕೇಳುತ್ತಾರೆ. ಕೊಡುವುದಾದರೆ ಮೊದಲೇ ಮಾತಾಡಿ.

ವೆಲಿಗಮದಲ್ಲೇ ಕುಷ್ಟರಾಜಗಲ ಎಂಬ ಬಂಡೆಯಲ್ಲಿ ಕೆತ್ತಿದ ಎತ್ತರದ ಬೋಧಿಸತ್ತ್ವ ಮೂರ್ತಿ ಇದೆ. ಪಟ್ಟಣದ ಅಂಚಿನಲ್ಲೇ ಇದ್ದರೂ ಹೋಗುವವರು ಕಡಿಮೆ. ದೇವಿನುವರದ ದೊಂಡ್ರ ದೀಪಸ್ತಂಭ 1890ರದು, 49 ಮೀಟರ್ ಎತ್ತರ. ಅದು ನಿಂತ ನೆಲ ದ್ವೀಪದ ದಕ್ಷಿಣದ ತುತ್ತತುದಿ. ದಿಕ್‌ವೆಲ್ಲದ ವೆವುರುಕನ್ನಲ ವಿಹಾರದಲ್ಲಿ ಸುಮಾರು 50 ಮೀಟರ್ ಎತ್ತರದ ಕೂತ ಬುದ್ಧ. ಮಧ್ಯಾಹ್ನ ಹೋದರೆ ಬರಿಗಾಲು ಸುಡುತ್ತದೆ, ಕಾಲುಚೀಲ ಇಟ್ಟುಕೊಳ್ಳಿ. ಬುದ್ಧನಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯುವುದು ಅಲ್ಲಿ ತಪ್ಪು, ಕಾವಲಿನವರು ಕೂಗುತ್ತಾರೆ.

ಆಮೆ ನೋಡುವ ಆಸೆಯಿದ್ದರೆ ತಂಗಾಲೆ ಬಳಿಯ ರೆಕವಕ್ಕೆ ರಾತ್ರಿ ಹೋಗಿ. ಮೊಟ್ಟೆಯಿಡಲು ಬರುವ ಕಾಡು ಆಮೆಗಳನ್ನು ಕಾದು ನೋಡುವುದು, ಫ್ಲಾಶ್ ಇಲ್ಲ, ಬಿಳಿ ಟಾರ್ಚ್ ಇಲ್ಲ. ಬರಬಹುದು, ಬಾರದಿರಬಹುದು. ರಸ್ತೆಬದಿಯ ತೊಟ್ಟಿಗಳಲ್ಲಿ ಮರಿಗಳನ್ನು ಕೈಗೆ ಕೊಡುವ ಜಾಗಗಳಿಗಿಂತ ಇದು ಮೇಲು. ಹುಟ್ಟಿದ ಮರಿ ಆ ಹೊತ್ತಿನ ಕಸುವಿನಲ್ಲೇ ಕಡಲು ಸೇರಬೇಕು, ತೊಟ್ಟಿಯಲ್ಲಿ ದಿನಗಟ್ಟಲೆ ಇಟ್ಟರೆ ಅದು ಕರಗಿಹೋಗುತ್ತದೆ.

ತಿಮಿಂಗಿಲ ನೋಡುವ ದೋಣಿಯಲ್ಲಿ ಎಲ್ಲರೂ ವಾಂತಿ ಮಾಡಿಕೊಳ್ಳುತ್ತಾರೆ ಎನ್ನುತ್ತಾರೆ. ನಿಜವೇ?
*ಕಾಲೇಜು ವಿದ್ಯಾರ್ಥಿನಿ, ಬೆಳಗಾವಿ*

ಎಲ್ಲರೂ ಅಲ್ಲ, ಗುಳಿಗೆ ತಡವಾಗಿ ನುಂಗಿದವರು. ಮಿರಿಸ್ಸ ಬಂದರಿನಿಂದ ದೋಣಿ ಹೊರಡುವುದು ಬೆಳಿಗ್ಗೆ ಆರೂವರೆಯ ಸುಮಾರಿಗೆ. ಗುಳಿಗೆ ದೋಣಿ ಹತ್ತುವ ಒಂದು ಗಂಟೆ ಮೊದಲೇ ಹೊಟ್ಟೆ ಸೇರಬೇಕು, ತಲೆಸುತ್ತು ಶುರುವಾದ ಮೇಲೆ ನುಂಗಿದ್ದು ಹಾಗೇ ಹೊರಬರುತ್ತದೆ. ಖಾಲಿ ಹೊಟ್ಟೆಯೂ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಬಾಳೆಹಣ್ಣು, ಬಿಸ್ಕತ್ತು ಸಾಕು. ಮೇಲಂತಸ್ತು ಚೆಂದ, ಆದರೆ ಓಲಾಟ ಅಲ್ಲೇ ಹೆಚ್ಚು. ಕೆಳಗೆ, ನಡುವಿನಿಂದ ಹಿಂದಕ್ಕೆ ಕೂತು ದಿಗಂತ ನೋಡಿ. ಫೋನ್ ನೋಡಿದಿರೋ, ಕೆಟ್ಟಿರಿ.

ದೊಂಡ್ರದ ಹೊರಗೆ ಕಡಲ ತಳ ದಡಕ್ಕೆ ಹತ್ತಿರದಲ್ಲೇ ಆಳಕ್ಕಿಳಿಯುವುದರಿಂದ ನೀಲಿ ತಿಮಿಂಗಿಲಗಳು ಇಷ್ಟು ಸಮೀಪ ಸಿಗುತ್ತವೆ. ಕಾಲ ನವೆಂಬರ್‌ನಿಂದ ಏಪ್ರಿಲ್. ದೋಣಿ ಆರಿಸುವಾಗ "ಎಷ್ಟು ಹತ್ತಿರ ಹೋಗುತ್ತೀರಿ?" ಎಂದು ಕೇಳಿ. "ತುಂಬ ಹತ್ತಿರ" ಎಂದು ಹೆಮ್ಮೆಯಿಂದ ಹೇಳುವವರನ್ನು ಬಿಡಿ. 100 ಮೀಟರ್ ದೂರ ಕಾಯ್ದುಕೊಳ್ಳುವವರೇ ಸರಿಯಾದವರು. ಅಟ್ಟಿಸಿಕೊಂಡು ಹೋದರೆ ಪ್ರಾಣಿ ಮುಳುಗಿಬಿಡುತ್ತದೆ, ಮತ್ತೆ ಏಳುವುದು ಹತ್ತು ನಿಮಿಷದ ಮೇಲೆ, ಬೇರೆಲ್ಲೋ.

ಕೊಲಂಬೊದಿಂದ ರೈಲೋ, ಕಾರೋ?
*ಓದುಗರೊಬ್ಬರು, ಮಂಡ್ಯ*

ವಿಮಾನದಿಂದ ಇಳಿದ ದಿನ ಸಾಮಾನು ಹೆಚ್ಚು, ಕಾರೇ ಸರಿ. ದಕ್ಷಿಣದ ಎಕ್ಸ್‌ಪ್ರೆಸ್‌ವೇಯಲ್ಲಿ ಕೊಕ್ಮಡುವ ಎಂಬಲ್ಲಿ ಇಳಿದರೆ ವೆಲಿಗಮ ಹತ್ತಿರ. ವಾಪಸು ಬರುವಾಗ ಅಥವಾ ಗಾಲೆಗೆ ಹೋಗಿಬರಲು ರೈಲು. ಕೊಲಂಬೊ ಫೋರ್ಟ್‌ನಿಂದ ಗಾಲೆಯ ಕಡೆ ಹೊರಟಾಗ ಕಡಲು ಬಲಕ್ಕೆ. ಆದರೆ ಗಾಲೆ ನಿಲ್ದಾಣ ಕೊನೆಯ ಗೂಟದಂತಿದೆ, ರೈಲು ಅಲ್ಲಿ ಹಿಂದುಮುಂದಾಗಿ ಮಾತರದ ಕಡೆ ಹೊರಡುತ್ತದೆ. ಬಲಕ್ಕಿದ್ದ ಕಿಟಕಿ ಆಗ ಗದ್ದೆಯ ಕಡೆಗಾಗುತ್ತದೆ. ವೆಲಿಗಮದಲ್ಲಿ ಹೆಚ್ಚಿನ ರೈಲು ನಿಲ್ಲುತ್ತವೆ, ಮಿಡಿಗಮದಲ್ಲಿ ನಿಧಾನದ ಗಾಡಿಗಳು ಮಾತ್ರ.

ಸ್ಕೂಟರ್ ಬಾಡಿಗೆಗೆ ನಮ್ಮ ಪರವಾನಗಿ ಒಂದೇ ಸಾಲದು, ಅಲ್ಲಿ ಮಾನ್ಯತೆ ಪಡೆದಿರಬೇಕು. ಅಂಗಡಿಯವರು ಕೇಳದೆ ಕೊಡುತ್ತಾರೆ, ಪೊಲೀಸರು ಕೇಳುತ್ತಾರೆ. ಗಾಲೆ ರಸ್ತೆಯ ಬಸ್ಸುಗಳು ಎದುರಿಗೆ ಬಂದರೆ ನೀವೇ ಪಕ್ಕಕ್ಕೆ ಹೋಗಬೇಕು.

ಚುಟುಕು ಉತ್ತರಗಳು

ಯುಪಿಐ ನಡೆಯುತ್ತದೆಯೇ (ಗದಗ): 2024ರ ಫೆಬ್ರವರಿಯಿಂದ ಅಲ್ಲಿ ಶುರುವಾಗಿದೆ. ಆದರೆ ಬತ್ ಕಡೆ, ಆಟೊ, ಬೋರ್ಡ್ ಬಾಡಿಗೆಗೆ ಲಂಕಾ ರೂಪಾಯಿ ನಗದೇ ಇಟ್ಟುಕೊಳ್ಳಿ.

ಹುಣ್ಣಿಮೆಯ ದಿನ ಬಿಯರ್ ಸಿಗಲಿಲ್ಲವಂತೆ, ಯಾಕೆ (ಬೆಂಗಳೂರು): ಪ್ರತಿ ಹುಣ್ಣಿಮೆಯೂ ಪೋಯ, ಬೌದ್ಧರ ಪವಿತ್ರ ದಿನ, ಸಾರ್ವಜನಿಕ ರಜೆ. ಮದ್ಯ ಮಾರಾಟ ನಿಷಿದ್ಧ, ಮಾಂಸದಂಗಡಿಗಳೂ ಮುಚ್ಚಿರುತ್ತವೆ. ಪಂಚಾಂಗ ನೋಡಿಕೊಂಡು ಹೋಗಿ.

ನಮ್ಮ ಚಾರ್ಜರ್ ಹಿಡಿಯುತ್ತದೆಯೇ (ರಾಯಚೂರು): ಹಳೆಯ ಕಟ್ಟಡಗಳಲ್ಲಿ ಗುಂಡು ಪಿನ್ನಿನದು ಹಿಡಿಯುತ್ತದೆ, ಹೊಸದರಲ್ಲಿ ಚೌಕ ಪಿನ್. ಒಂದು ಅಡಾಪ್ಟರ್ ಒಯ್ಯಿರಿ. ಗಡಿಯಾರ ಮಾತ್ರ ತಿರುಗಿಸಬೇಕಿಲ್ಲ, ಎರಡೂ ಕಡೆ ಒಂದೇ ಸಮಯ.

ದಡದಲ್ಲಿ ಬಿದ್ದ ಹವಳದ ತುಂಡು ತರಬಹುದೇ (ಚಿತ್ರದುರ್ಗ): ಬೇಡ, ಕಾನೂನಿನ ತೊಡಕಿದೆ. ಬದಲಿಗೆ ಆ ಸೀಮೆಯಲ್ಲೇ ಬೆಳೆಯುವ ಚಕ್ಕೆ ತನ್ನಿ. ಕಾಗದದಷ್ಟು ತೆಳು ಪದರಗಳನ್ನು ಒಂದರೊಳಗೊಂದು ಸುತ್ತಿ ಕಡ್ಡಿ ಮಾಡಿರುತ್ತಾರೆ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಗಟ್ಟಿ ತೊಗಟೆಯಾಗಿ ಒಂದೇ ಸುರುಳಿಯಿದ್ದರೆ ಅದು ಬೇರೆ ಜಾತಿಯದು.